ಕೆಂಚಮ್ಮ ಕೊಟ್ಟ ಮೂರು ಬೀಸೋಕಲ್ಲು

ಮಲ್ಕೊಳೇ ಶಾರಿ, ಸಾಕು. ಕಲ್ಲು ಹೆಂಗೆ ಹುಟ್ಟುತ್ತೆ, ಕಲ್ಲು ಬೆಳೆಯುತ್ತಾ, ಕಲ್ಲಿಗೂ ಅಮ್ಮ ಇದ್ದಾಳಾ, ಕೆಂಪು ಕಲ್ಲು ಯಾಕೆ ಕೆಂಪು, ಕರಿ ಕಲ್ಲು ಯಾಕೆ ಕರಿ, ಸಾಯಂಕಾಲದಿಂದ ಕೇಳಿಸ್ಕೊಂಡು ಕೇಳಿಸ್ಕೊಂಡು ನನ್ನ ತಲೆ ಚಿಟ್ಟು ಹಿಡಿದು ಹೋಗಿದೆ. ಇದೇನಿದು ಹಾಸಿಗೆಯೊಳಗೆ, ಬೆನ್ನಿಗೆ ಒತ್ತುತ್ತೆ? ಅಯ್ಯೋ ನಿನ್ನ, ಇಲ್ಲೂ ಕಲ್ಲಾ! ತೆಗಿ ಆಚೆಗೆ. ಕಲ್ಲು ಹೊದ್ದು ಮಲಗೋ ಮಗೂನ ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಹೇಳ್ತೀನಿ, ಹೇಳ್ತೀನಿ, ಕಲ್ಲಿನ ಕತೆಯೇ ಹೇಳ್ತೀನಿ, ಆದ್ರೆ ಮಧ್ಯದಲ್ಲಿ ಬಾಯಿ ಹಾಕಬಾರದು. ಹೂಂ ಅಂತ ಮಾತ್ರ ಅನ್ನಬೇಕು, ಗೊತ್ತಾಯ್ತಾ?

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ, ನಮ್ಮಜ್ಜಿಗೆ ಅವಳಜ್ಜಿ ಅಷ್ಟೇ ಹೇಳಿದ್ದು, ಉಳಿಹಳ್ಳಿ ಅಂತ ಒಂದು ಊರಿತ್ತಂತೆ. ಆ ಊರಿನ ಸುತ್ತ ಯಾವ ಕಡೆ ನೋಡಿದ್ರೂ ಗುಡ್ಡ, ಗುಡ್ಡದ ತುಂಬ ಬಂಡೆ, ಊರಿನೋರಿಗೆಲ್ಲ ಕಲ್ಲು ಕಡಿಯೋದೇ ಕಸುಬು. ಒರಳುಕಲ್ಲು, ಬೀಸೋಕಲ್ಲು, ಬಾಗಿಲಿನ ಮೆಟ್ಟಲು, ದನಕ್ಕೆ ನೀರಿಡೋ ಕಲ್ಲುಬಾನಿ, ಏನು ಬೇಕಾದ್ರೂ ಸುತ್ತಲ ಊರಿನೋರು ಅಲ್ಲಿಗೇ ಬರ್ತಿದ್ರಂತೆ. ಆ ಊರಿನಲ್ಲಿ ಒಂದು ಶಾಸ್ತ್ರ ಇತ್ತಂತೆ. ಹೊಸ ಬಂಡೆಗೆ ಉಳಿ ಇಡೋಕೆ ಮುಂಚೆ ಒಂದು ಚಿಟಿಕೆ ಅರಿಶಿನ ಹಚ್ಚಿ, ಕಲ್ಲವ್ವ ಕಲ್ಲವ್ವ, ನೀನು ಹೆಂಗೆ ಹುಟ್ಟಿದೆ, ಯಾವ ಕೆಲಸಕ್ಕೆ ಬರ್ತೀಯ ಅಂತ ಕೇಳಬೇಕು. ಕೇಳದೆ ಕಡಿದ್ರೆ ಕೈಗೆ ಕೇಡು. ಎಲ್ಲರೂ ಕೇಳ್ತಿದ್ರಂತೆ, ಕೇಳಿದ ಬಾಯಿ ಮುಚ್ಚೋಕೆ ಮುಂಚೇನೇ ಠಣ್ ಅಂತ ಸುತ್ತಿಗೆ ಬೀಳ್ತಿತ್ತಂತೆ. ಕಲ್ಲು ಉತ್ತರ ಕೊಡುತ್ತೆ ಅಂತ ಯಾರಿಗೆ ತಾನೇ ನಂಬಿಕೆ? ಶಾಸ್ತ್ರ ಅಂದ್ಮೇಲೆ ಶಾಸ್ತ್ರ, ಮಾಡಿ ಮುಗಿಸೋದು.

ಒಬ್ಬನೇ ಒಬ್ಬ ಕಾಯ್ತಿದ್ನಂತೆ. ಅವನ ಹೆಸರು ಸಣ್ಣೀರಯ್ಯ. ಅರಿಶಿನ ಹಚ್ಚೋನು, ಕೇಳೋನು, ಆಮೇಲೆ ಬಂಡೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ್ಬಿಡೋನು. ಮಾತು ಕೇಳಿ ಉತ್ತರಕ್ಕೆ ನಿಲ್ಲದೆ ಹೋಗೋದು ಮರ್ಯಾದೆಯಾ ಅಂತಿದ್ನಂತೆ. ಬಿಸಿಲು ಏರಿದ್ರೂ ಕೂತಿರೋನು, ಇಳಿದ್ರೂ ಕೂತಿರೋನು, ಒಂದೊಂದು ಸಲ ವಾರ ಕಳೆದ್ರೂ ಕೂತಿರೋನು. ಊರಿನೋರು ಹತ್ತು ಕಲ್ಲು ಕಡಿಯೋ ಹೊತ್ತಿಗೆ ಇವನು ಒಂದು ಕಡಿದ್ರೆ ಹೆಚ್ಚು.

ಅವನ ಹೆಂಡ್ತಿ ಕೆಂಚಮ್ಮ. ಅವಳ ಪಾಡು ಕೇಳು ನೀನು! ಅವಳು ಬೆಳಗ್ಗೆ ಎದ್ದು ಮಜ್ಜಿಗೆ ಕಡೆಯೋ ಹೊತ್ತಿಗೇ ನಾಳೆ ಸಾರಿಗೆ ಏನು ಅಂತ ಯೋಚನೆ ಮಾಡೋ ಹೆಂಗಸು, ಕೈ ಚುರುಕು, ಕಾಲು ಚುರುಕು, ಬಾಯಿ ಅಂತೂ ಕೇಳಲೇಬೇಡ. ಅವಳಿಗೆ ಸಿಕ್ಕ ಗಂಡ ನೋಡಿದ್ರೆ ಬಂಡೆ ಮುಂದೆ ಕೂತ್ಕೊಂಡು ಕಿವಿ ಚಾಚೋನು. ಬುತ್ತಿ ತಗೊಂಡು ಗುಡ್ಡ ಹತ್ತಿದಾಗೆಲ್ಲ ಕೆಂಚಮ್ಮ ಹಣೆ ಹಣೆ ಚಚ್ಚಿಕೊಳ್ತಿದ್ಲಂತೆ. ಅಲ್ರೀ, ಕಲ್ಲು ಯಾವತ್ತಾದ್ರೂ ಬಾಯಿ ಬಿಟ್ಟಿದ್ಯೇನ್ರೀ, ನೀವು ಕೂತ ಜಾಗದಲ್ಲಿ ಹುತ್ತ ಬೆಳೀತದೆ ನೋಡ್ತಾ ಇರಿ ಅಂತಿದ್ಲಂತೆ. ಅದಕ್ಕೆ ಅವನು, ಅದೇನಾಯ್ತು ಅಂದ್ರೆ ಕೆಂಚೀ, ಈ ಕಲ್ಲು, ಅಂತ ನಿಧಾನಕ್ಕೆ ಶುರು ಮಾಡೋನು, ಅವಳು ಆ ಮಾತು ಮುಗಿಯೋಕೆ ಬಿಟ್ರೆ ತಾನೇ? ಏನೂ ಹೇಳಬೇಡಿ, ಉಂಡು ಎದ್ದು ಸುತ್ತಿಗೆ ಹಿಡೀರಿ ಅಂತ ಬುತ್ತಿಗಂಟು ಕುಕ್ಕಿ ಇಳಿದು ಬರೋಳು. ಮದುವೆಯಾದಾಗಿನಿಂದ ಅವನು ಶುರು ಮಾಡಿದ ಒಂದು ಮಾತೂ ಆ ಮನೆಯಲ್ಲಿ ಕೊನೆ ಮುಟ್ಟಿರಲಿಲ್ಲವಂತೆ.

ಏನಂದೆ? ಕಲ್ಲು ನಿಜವಾಗಿ ಮಾತಾಡುತ್ತಾ ಅಂತನಾ? ಹೂಂ ಅನ್ನು ಅಂದ್ರೆ ಪ್ರಶ್ನೆ ಕೇಳ್ತೀಯಲ್ಲೇ. ತಡಿ.

ಅವರಿಗೆ ಒಬ್ಬಳೇ ಮಗಳು, ಚೆನ್ನಾಜಿ ಅಂತ. ಬೆಳೆದು ದೊಡ್ಡವಳಾದ್ಲು, ಹೊಳೆಯಾಚೆ ಊರಿಂದ ಗಂಡು ಬಂತು, ಮದುವೆ ಗೊತ್ತಾಯ್ತು. ಉಳಿಹಳ್ಳಿಯೋರು ಹೆಣ್ಣು ಕೊಟ್ರೆ ಹೆಣ್ಣಿನ ಜೊತೆ ಒಂದು ಬೀಸೋಕಲ್ಲು ಕೊಡಲೇಬೇಕಂತೆ, ಬಂಗಾರ ಇಲ್ಲದಿದ್ರೂ ನಡೀತದೆ, ಕಲ್ಲಿಲ್ಲದೆ ನಡೆಯೋಲ್ಲ. ಸರಿ, ಸಣ್ಣೀರಯ್ಯ ಮಗಳ ಕಲ್ಲಿಗೆ ಅಂತ ಗುಡ್ಡ ಹತ್ತಿದ, ಕೆಂಪಗೆ ದಾಸವಾಳದಂಗಿದ್ದ ಒಂದು ಬಂಡೆಗೆ ಅರಿಶಿನ ಹಚ್ಚಿದ, ಕೇಳಿದ, ಕೂತ. ಇತ್ತ ಚಪ್ಪರ ಎದ್ದಾಯ್ತು, ಬೀಗರು ಹೊರಟಾಯ್ತು, ಇವನು ಇನ್ನೂ ಕೂತೇ ಇದ್ದಾನೆ! ಕೆಂಚಮ್ಮನಿಗೆ ಮೈಯೆಲ್ಲ ಉರಿದು ಹೋಯ್ತಂತೆ. ಮಗಳ ಮದುವೆಗಿಂತ ಇವರಿಗೆ ಕಲ್ಲಿನ ಮಾತು ಹೆಚ್ಚಾಯ್ತಾ ಅಂತ, ತಮ್ಮನ್ನ ಕರ್ಕೊಂಡು ಹೋಗಿ, ಗಂಡನ್ನ ಪಕ್ಕಕ್ಕೆ ಸರಿಸಿ, ಕಲ್ಲವ್ವ ಕಲ್ಲವ್ವ ಹೆಂಗೆ ಹುಟ್ಟಿದೆ, ಹೊಡಿಯೋ ತಮ್ಮಾ, ಅಂತ ಒಂದೇ ಉಸಿರಿಗೆ ಹೇಳಿ ಕಡಿಸೇಬಿಟ್ಲಂತೆ. ಸಣ್ಣೀರಯ್ಯ ಹಿಂದೆ ಹಿಂದೇನೇ ಬಂದು, ಕೆಂಚೀ, ಆ ಕಲ್ಲು ಈಗ ತಾನೇ ಒಂದು ಮಾತು, ಅಂದ. ನಿಮ್ಮ ಬಾಯಿಗಿಷ್ಟು ಅಕ್ಕಿ ಹಾಕ, ಈಗ ಸುಮ್ನಿರಿ, ದಿಬ್ಬಣ ಬಂತು ಅಂದ್ಲು ಅವಳು. ಕೆಂಪು ಕಲ್ಲು ಗಾಡಿ ಏರ್ತು, ಮಗಳೂ ಏರಿದ್ಲು, ಎಲ್ಲರೂ ಅತ್ತು ಕಳಿಸಿದ್ರು. ಎಂಥಾ ಚೆಂದದ ಕಲ್ಲು ಅಂತ ಊರೆಲ್ಲ ಹೊಗಳ್ತಂತೆ.

ಆಮೇಲೆ ವರ್ಷ ಕಳೀತು, ಚೆನ್ನಾಜಿಗೆ ಒಂದು ಹೆಣ್ಣು ಕೂಸೂ ಹುಟ್ತು. ಆದ್ರೆ ಆ ಮನೆಯಲ್ಲಿ ದಿನಾ ಒಂದೇ ರಗಳೆಯಂತೆ, ಹಿಟ್ಟಿನಲ್ಲಿ ಮರಳು, ಹಿಟ್ಟಿನಲ್ಲಿ ಮರಳು. ಅತ್ತೆ ಪುಟ್ಟತಾಯಮ್ಮ ಮೊದಮೊದಲು ಸೊಸೆ ರಾಗಿ ಕೇರೋದು ಸರಿಯಿಲ್ಲ ಅಂದ್ಲು. ಚೆನ್ನಾಜಿ ಎರಡೆರಡು ಸಲ ಕೇರಿದ್ಲು, ತೊಳೆದ್ಲು, ಒಣಗಿಸಿದ್ಲು, ಆರಿಸಿದ್ಲು, ಬೀಸಿದ್ರೆ ಮತ್ತೆ ಮರಳು. ಮುದ್ದೆ ಆದ ದಿನ ಹೆಂಗೋ ನಡೀತಿತ್ತು, ಮುದ್ದೆ ನುಂಗೋದಲ್ವಾ, ಹಲ್ಲಿಗೇನು ಕೆಲಸ? ಒಂದು ದಿನ ರೊಟ್ಟಿ ಮಾಡಿದ್ಲು. ಮಾವನಿಗೆ ಬಾಯಲ್ಲಿ ಉಳಿದಿದ್ದೇ ಒಂದು ಹಲ್ಲು, ಅದರ ಮೇಲೆ ಅವನಿಗೆ ಎಲ್ಲಿಲ್ಲದ ಪ್ರೀತಿ. ರೊಟ್ಟಿ ಕಚ್ಚಿದ, ಕಟಂ ಅಂತು, ಹಲ್ಲು ತಟ್ಟೆಗೆ ಬಿತ್ತು.

ಆಯ್ತಲ್ಲ! ಪುಟ್ಟತಾಯಮ್ಮ ಬಾಯಿ ಬಡ್ಕೊಂಡು ಊರು ಸೇರಿಸಿದ್ಲಂತೆ. ಕಲ್ಲು ಕೊಡೋರ ಮನೆಯಿಂದ ಹೆಣ್ಣು ತಂದು ನಾವು ಮರಳು ತಿನ್ನೋ ಹಂಗಾಯ್ತು, ಎಂಥಾ ಕಲ್ಲೋ ಅಂಥಾ ಹೆಣ್ಣು, ತಗೊಂಡು ಹೋಗು ಎರಡನ್ನೂ ಅಂತ, ಸೊಸೆ, ಕೂಸು, ಕಲ್ಲು ಮೂರನ್ನೂ ಒಂದೇ ಗಾಡಿಗೆ ಹಾಕಿ ತವರಿಗೆ ಅಟ್ಟಿಬಿಟ್ಲಂತೆ. ಅಷ್ಟೇ ಅಲ್ಲ, ಸುಗ್ಗಿಯೊಳಗೆ ಮರಳು ಉದುರದ ಕಲ್ಲು ಬಂದ್ರೆ ಸೊಸೆ ಒಳಗೆ, ಇಲ್ಲದಿದ್ರೆ ನನ್ನ ಮಗನಿಗೆ ಬೇರೆ ಹೆಣ್ಣು ನೋಡ್ತೀನಿ ಅಂತ ಗಾಡಿ ಹೊಡೆಯೋನ ಕೈಲಿ ಹೇಳಿ ಕಳಿಸಿದ್ಲಂತೆ. ಅಳಿಯ? ಅವನು ಬಾಗಿಲ ಹಿಂದೆ ನಿಂತು ಉಗುರು ಕಚ್ಚುತ್ತಿದ್ದ. ಅಮ್ಮನ ಸೆರಗು ಬಿಟ್ಟು ಗೊತ್ತಿದ್ರೆ ತಾನೇ!

ಕೆಂಚಮ್ಮ ಬಾಗಿಲು ತೆಗೆದು ನೋಡ್ತಾಳೆ, ಮಗಳು ಕೂಸು ಎತ್ಕೊಂಡು ತಲೆ ತಗ್ಗಿಸಿ ನಿಂತಿದ್ದಾಳೆ. ಚೆನ್ನಾಜಿ ಅಳಲೂ ಇಲ್ಲ, ಅಪ್ಪನ ಹಂಗೆ ಮಾತು ಕಡಿಮೆ ಅವಳಿಗೆ, ಒಂದೇ ಮಾತು ಹೇಳಿದ್ಲು, ಅವ್ವಾ, ನಾನು ರಾಗಿ ಚೆನ್ನಾಗಿಯೇ ಕೇರ್ತಿದ್ದೆ. ಅಷ್ಟೇ. ಆ ಮಾತು ಕೇಳಿ ಕೆಂಚಮ್ಮ ಮಗಳನ್ನ ಒಳಗೆ ಕರ್ಕೊಂಡ್ಲು. ಸಿಟ್ಟು ಯಾರ ಮೇಲೆ ತೀರಿಸಬೇಕು? ಗಂಡನ ಮೇಲೇ ತೀರಿಸಿದ್ಲು. ನೀವು ಬೇಗ ಕಡಿದಿದ್ರೆ ನಾನು ಅವಸರಕ್ಕೆ ಆ ಕಲ್ಲು ಕಡಿಸ್ತಿರಲಿಲ್ಲ ಅಂದ್ಲು. ಅವನು ಕೂಸಿನ ಪಾದ ಸವರ್ತಾ, ಕೆಂಚೀ, ಆ ಕೆಂಪು ಕಲ್ಲು ಹುಟ್ಟಿದ್ದು, ಅಂತ ಬಾಯಿ ತೆಗೆದ. ಹುಟ್ಟಿದ್ದು ಕಟ್ಕೊಂಡು ನನಗೇನಾಗಬೇಕು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ, ಹೋಗಿ ಬೇರೆ ಕಲ್ಲು ನೋಡಿ ಅಂತ ಅಟ್ಟಿದ್ಲು.

ಅವನು ಹೋದ. ಈ ಸಲ ಒಂದು ಕರಿ ಗುಡ್ಡಕ್ಕೆ ಹೋದ, ಅರಿಶಿನ ಹಚ್ಚಿದ, ಕೇಳಿದ, ಇನ್ನೇನು ಮಾಡ್ತಾನೆ, ಕೂತ. ಕೆಂಚಮ್ಮ ದಿನಾ ಹೋಗಿ ನೋಡೋದು, ಅವನು ಕೂತಿರೋದು. ಸುಗ್ಗಿ ಹತ್ತಿರ ಬರ್ತಿದೆ, ಅಕ್ಕಪಕ್ಕದೋರು ಬಾವಿ ಹತ್ತಿರ ಪಿಸಿಪಿಸಿ ಅಂತಿದ್ದಾರೆ, ಚೆನ್ನಾಜಿ ಯಾರ ಮುಖ ನೋಡೋಕೂ ನಾಚಿ ಹಿತ್ತಲಲ್ಲೇ ಕೂತಿರ್ತಾಳೆ. ಇವರನ್ನ ನಂಬಿಕೊಂಡ್ರೆ ನನ್ನ ಮಗಳು ಇಲ್ಲೇ ಮುದುಕಿ ಆಗ್ತಾಳೆ ಅಂತ ಕೆಂಚಮ್ಮ ತಾನೇ ಹೊರಟ್ಲಂತೆ. ಕೆರೆ ಹಿಂದಿನ ತಗ್ಗಿನಲ್ಲಿ ಬೂದು ಬಣ್ಣದ ಚಪ್ಪಡಿ ಕಲ್ಲು ಸಿಕ್ತು, ನುಣ್ಣಗೆ, ಮಟ್ಟಸವಾಗಿ, ಹಾರೆ ಹಾಕಿ ಮೀಟಿದ್ರೆ ಹಲಗೆ ಎದ್ದಂಗೆ ಏಳ್ತು. ಆಹಾ, ಇದಕ್ಕೆ ಅರ್ಧ ಕೆಲಸವೇ ಇಲ್ಲ, ದೇವರು ಕಣ್ಣು ಬಿಟ್ಟ ಅಂದ್ಕೊಂಡ್ಲು. ಕಲ್ಲವ್ವ ಕಲ್ಲವ್ವ ಅಂದ್ಲು, ಉಳಿದಿದ್ದನ್ನ ನುಂಗಿದ್ಲು, ತಮ್ಮನ ಕೈಲಿ ದುಂಡಗೆ ಕಡಿಸಿ ಗೂಟ ಹಾಕಿಸಿ ಗಾಡಿಗೇರಿಸಿದ್ಲು, ಮಗಳನ್ನೂ ಕೂಸನ್ನೂ ಹತ್ತಿಸ್ಕೊಂಡ್ಲು. ದಾರಿಯಲ್ಲಿ ಸಣ್ಣೀರಯ್ಯ ಕಂಡ, ಕಲ್ಲು ನೋಡಿದ, ಮುಖ ಸಣ್ಣಗಾಯ್ತು. ಕೆಂಚೀ, ಇದನ್ನೂ ನಾನು ಹಿಂದೆ ಒಂದು ಸಲ ಕೇಳಿದ್ದೆ, ಇದು, ಅಂದ. ಹೋಗ್ರೀ ಹೋಗಿ, ಕೂತ್ಕೊಳ್ಳಿ ಹೋಗಿ ಅಂದು ಎತ್ತಿನ ಬಾಲ ಮುರಿದ್ಲು.

ಬೀಗರ ಮನೆ ಮುಂದೆ ಗಾಡಿ ನಿಲ್ತು. ಪುಟ್ಟತಾಯಮ್ಮ ಕಲ್ಲನ್ನ ಪಡಸಾಲೆಗೆ ತರಿಸಿದ್ಲು, ಸೊಸೆಯನ್ನ ಜಗಲಿ ಮೇಲೇ ಕೂರಿಸಿದ್ಲು, ಪರೀಕ್ಷೆ ಆಗಲಿ ಆಮೇಲೆ ನೋಡೋಣ ಅಂತ. ತಾನೇ ಬೀಸಿದ್ಲು. ಹಿಟ್ಟು ನುಣ್ಣಗೆ ಬಂತು. ಕೆಂಚಮ್ಮನಿಗೆ ಉಸಿರು ಬಂತು. ಬೀಸ್ತಾ ಬೀಸ್ತಾ ಕಲ್ಲು ಕಾವೇರ್ತು ನೋಡು, ಒಳಗಿಂದ ಚಟ್ ಅಂತು, ಚಟಪಟ ಅಂತು, ಮೇಲ್ಗಲ್ಲು ಎತ್ತಿ ನೋಡಿದ್ರೆ ಹಪ್ಪಳ ಎದ್ದಂಗೆ ಚಕ್ಕೆ ಚಕ್ಕೆ ಎದ್ದಿದೆ, ಹಿಟ್ಟಿನ ತುಂಬ ಕಲ್ಲಿನ ಚೂರು. ಪುಟ್ಟತಾಯಮ್ಮ ಮೂಗು ಮುರಿದು, ಮರಳು ಸಾಕಾಗಲಿಲ್ಲ ಅಂತ ಈ ಸಲ ಚಕ್ಕೆ ತಂದ್ರಾ ಬೀಗಿತಿ ಅಂದ್ಲಂತೆ. ಜಗಲಿ ಮೇಲೆ ಬಿಸಿಲು ಬಡಿದು ಕೂಸು ಅಳ್ತಾ ಇತ್ತು, ಒಳಗಿಂದ ಒಂದು ಲೋಟ ನೀರೂ ಬರಲಿಲ್ಲ. ಚೆನ್ನಾಜಿ ಎದ್ದು ಸುಮ್ಮನೆ ಗಾಡಿ ಹತ್ತಿದ್ಲು.

ಆ ದಾರಿಯಲ್ಲಿ ಕೆಂಚಮ್ಮ ಬೈದಿದ್ದು ಇದ್ಯಲ್ಲ, ಅಯ್ಯಯ್ಯೋ! ಕಲ್ಲನ್ನ ಬೈದ್ಲು, ಕಲ್ಲು ಹೆತ್ತ ಕೆರೆಯನ್ನ ಬೈದ್ಲು, ಬೀಗಿತಿಯನ್ನ, ಅಳಿಯನ್ನ, ಬಿದ್ದ ಹಲ್ಲನ್ನ, ಎತ್ತನ್ನ, ಮರದ ಮೇಲೆ ಕೂತ ಕಾಗೆಯನ್ನ, ಎಲ್ಲರನ್ನೂ ಬೈದ್ಲು. ಹೊಳೆ ದಾಟೋ ಹೊತ್ತಿಗೆ ಗಂಟಲು ಗೊರಗೊರ ಅಂತು. ಮನೆ ಮುಟ್ಟಿದ್ಲು, ಗಂಡನ್ನ ಬೈಬೇಕಲ್ಲ, ಮುಖ್ಯವಾದ್ದೇ ಅದು, ಉಳಿಸ್ಕೊಂಡು ಬಂದಿದ್ಲು. ಸೀದಾ ಕರಿ ಗುಡ್ಡ ಹತ್ತಿದ್ಲು, ಸೊಂಟಕ್ಕೆ ಸೆರಗು ಸಿಕ್ಕಿಸಿದ್ಲು, ಬಾಯಿ ತೆಗೆದ್ಲು, ಮಾತೇ ಇಲ್ಲ! ಗಾಳಿ ಬಂತು, ಮಾತು ಬರಲಿಲ್ಲ. ಮತ್ತೆ ತೆಗೆದ್ಲು, ಮತ್ತೆ ಗಾಳಿ. ಗಂಟಲು ಕಟ್ಟಿ ಹೋಗಿತ್ತು.

ನಗಬೇಡ, ನಕ್ಕರೆ ನಿದ್ದೆ ಹಾರಿ ಹೋಗುತ್ತೆ. ಅವಳ ಸಂಕಟ ಅವಳಿಗೆ. ಬೈಗುಳ ಎಲ್ಲ ಎದೆ ತುಂಬ ತುಂಬ್ಕೊಂಡು ಹೊರಗೆ ಬರದೆ ಹೋದ್ರೆ ಹೆಂಗಾಗಿರಬೇಡ? ಕೈ ಆಡಿಸಿದ್ಲು, ಕಾಲು ಅಪ್ಪಳಿಸಿದ್ಲು, ಕೊನೆಗೆ ಸಾಕಾಗಿ ಗಂಡನ ಪಕ್ಕ ಧೊಪ್ಪಂತ ಕೂತ್ಲು. ಮಗಳ ಗತಿ ನೆನೆಸ್ಕೊಂಡು ಕಣ್ಣಲ್ಲಿ ನೀರು ಬಂತು.

ಸಣ್ಣೀರಯ್ಯ ಒಂದು ಗಳಿಗೆ ಕಾದ, ಬೈತಾಳೇನೋ ಅಂತ. ಬೈಲಿಲ್ಲ. ಇನ್ನೊಂದು ಗಳಿಗೆ ಕಾದ. ಆಮೇಲೆ ನಿಧಾನಕ್ಕೆ ಬಾಯಿ ತೆಗೆದ. ಮದುವೆಯಾದ ಮೇಲೆ ಮೊದಲನೇ ಸಲ ಅವನ ಮಾತು ಅವತ್ತು ಕೊನೆ ಮುಟ್ತಂತೆ.

ಅವನು ಹೇಳಿದ್ದು ಇದು. ಕೆಂಚೀ, ಕಲ್ಲು ಮಾತಾಡುತ್ತೆ, ಆದ್ರೆ ಅದರ ಮಾತು ಬಹಳ ನಿಧಾನ. ಬೆಳಗ್ಗೆ ಶುರು ಮಾಡಿದ ಮಾತು ಸಂಜೆಗೆ ಮುಗಿಯುತ್ತೆ, ಮಧ್ಯ ಎದ್ದು ಹೋದ್ರೆ ಹೋಯ್ತು. ಆ ಕೆಂಪು ಕಲ್ಲು ನನಗೆ ಹೇಳಿತ್ತು, ನಾನು ಮೊದಲು ಕಲ್ಲೇ ಅಲ್ಲ ಕಣಪ್ಪಾ, ಮರಳು. ದೊಡ್ಡದೊಂದು ಬೆಟ್ಟ ಮಳೆಗೆ ಬಿಸಿಲಿಗೆ ಬಿರಿದು ಬಿರಿದು ಪುಡಿಯಾಯ್ತು, ಹೊಳೆ ಅದನ್ನ ಹೊತ್ತು ತಂದು ರಾಶಿ ಹಾಕ್ತು, ರಾಶಿ ಮೇಲೆ ರಾಶಿ ಬಿದ್ದು ಅದರ ಭಾರಕ್ಕೆ ಅಮುಕಿ ಅಮುಕಿ, ಸಂದಿಗೆ ಇಳಿದ ನೀರು ಅಂಟು ಹಾಕಿ, ನಾನು ಕಲ್ಲಾದೆ. ನನ್ನ ಗೋಡೆ ಕಟ್ಟು, ಕಂಬ ಮಾಡು, ನಿಲ್ತೀನಿ. ಉಜ್ಜೋ ಕೆಲಸಕ್ಕೆ ಮಾತ್ರ ಹಚ್ಚಬೇಡ, ಉಜ್ಜಿದ್ರೆ ಮತ್ತೆ ಮರಳಾಗ್ತೀನಿ ಅಂತು. ಅದನ್ನೇ ಮದುವೆ ದಿನ ಹೇಳೋಕೆ ಬಂದೆ.

ಕೆಂಚಮ್ಮ ಕಣ್ಣು ಕೆಕ್ಕರಿಸಿ ನೋಡಿದ್ಲು. ಮೊದಲೇ ಬಡ್ಕೊಳ್ಳೋಕೇನಾಗಿತ್ತು ಅಂತ ಕೇಳಬೇಕು ಅನ್ನಿಸ್ತು. ಉತ್ತರ ಅವಳಿಗೇ ಗೊತ್ತಿತ್ತು, ಬಾಯಿ ಇದ್ದಿದ್ರೂ ಕೇಳ್ತಿರಲಿಲ್ಲವೇನೋ.

ಆಮೇಲೆ ಅವನು ಅಂದ, ಆ ಬೂದು ಚಪ್ಪಡಿ ಇದ್ಯಲ್ಲ, ಅದು ಕೆಸರು. ಒಂದು ಕಾಲದಲ್ಲಿ ದೊಡ್ಡ ನೀರಿತ್ತಂತೆ ಅಲ್ಲಿ, ನಮ್ಮ ಕೆರೆಗಿಂತ ನೂರು ಪಾಲು ದೊಡ್ಡದು. ಬಗ್ಗಡ ತಳಕ್ಕೆ ಇಳಿದು ಒಂದು ಪದರ, ಅದರ ಮೇಲೆ ಇನ್ನೊಂದು ಪದರ, ದೋಸೆ ಮೇಲೆ ದೋಸೆ ಹಾಕಿದಂಗೆ, ಹಂಗೇ ಗಟ್ಟಿಯಾಗಿ ಕಲ್ಲಾಯ್ತಂತೆ. ನನ್ನ ನೆಲಕ್ಕೆ ಹಾಸು, ನಿನ್ನ ಮೊಮ್ಮಕ್ಕಳು ಓಡಾಡಲಿ, ತಿರುಗಿಸಬೇಡ, ತಿರುಗಿಸಿದ್ರೆ ನನ್ನ ಪದರ ಬಿಡುತ್ತೆ ಅಂತ ಅದೂ ಹೇಳಿತ್ತು. ಗಾಡಿ ಹತ್ತಿರ ಅದನ್ನೇ ಹೇಳೋಕೆ ಬಂದೆ ಕೆಂಚೀ.

ಕೆಂಚಮ್ಮ ಸೆರಗಲ್ಲಿ ಮುಖ ಮುಚ್ಕೊಂಡ್ಲು. ಅತ್ಲೋ, ಹಲ್ಲು ಕಡಿದ್ಲೋ ಗೊತ್ತಾಗಲಿಲ್ಲ.

ಈ ಕರಿಕಲ್ಲು ಏನು ಹೇಳ್ತಿದೆ ಅಂತ ನೀನೂ ಕೇಳು ಅಂತ ಅವನು ಅವಳ ಕೈ ಹಿಡಿದು ಬಂಡೆ ಮೇಲೆ ಇಟ್ಟ. ಕೂತ್ಲು. ಬೇರೆ ದಾರಿ ಏನಿತ್ತು, ಬೈಯೋಕಂತೂ ಆಗೋಲ್ಲ. ಕಾಲು ಜೋಮು ಹಿಡೀತು, ಇರುವೆ ಕಚ್ತು, ಮನೆಯಲ್ಲಿ ಸಾರು ಉಕ್ಕುತ್ತೇನೋ ಅಂತ ಜೀವ ಚಡಪಡಿಸ್ತು. ಎದ್ದೇಬಿಡ್ತೀನಿ ಅಂದ್ಕೊಂಡ್ಲು, ಮಗಳು ಜಗಲಿ ಮೇಲೆ ಕೂತಿದ್ದು ಕಣ್ಣಿಗೆ ಕಟ್ತು, ಮತ್ತೆ ಕೂತ್ಲು. ಹಂಗೇ ಕೂತು ಕೂತು ಬಿಸಿಲು ಇಳಿಯೋ ಹೊತ್ತಿಗೆ ಅವಳ ಅಂಗೈಗೆ ಗುಂಯ್ ಅಂತ ಏನೋ ಹತ್ತಿದಂಗಾಯ್ತಂತೆ. ಆಮೇಲೆ ಮಾತು ತಿಳೀತು.

ನಾನು ಬೆಂಕಿ ಕಣಮ್ಮಾ ಅಂತು ಕರಿಕಲ್ಲು. ಭೂಮಿತಾಯಿ ಹೊಟ್ಟೆಯೊಳಗೆ ಕುದೀತಿದ್ದೆ. ತಡೆಯೋಕಾಗದೆ ಒಂದು ದಿನ ಅಂಬಲಿ ಉಕ್ಕಿದಂಗೆ ಉಕ್ಕಿ ಆಚೆ ಬಂದೆ, ಹರಿದೆ, ಹರೀತಾ ಹರೀತಾ ತಣ್ಣಗಾದೆ. ಒಳಗಿದ್ದ ಗುಳ್ಳೆಗಳು ಹೊರಗೆ ಹೋಗೋಕೆ ಮುಂಚೇನೇ ಗಟ್ಟಿಯಾಗಿಬಿಟ್ಟೆ. ಅದಕ್ಕೇ ನನ್ನ ಮೈ ತುಂಬ ತೂತು. ಒಂದೊಂದು ತೂತಿನ ಅಂಚೂ ಒಂದೊಂದು ಹಲ್ಲು. ಮೇಲಿನದು ಸವೆದ್ರೆ ಒಳಗಿಂದ ಇನ್ನೊಂದು ತೂತು ಬಾಯಿ ಬಿಡುತ್ತೆ. ನಿನ್ನ ಮಗಳು ನನ್ನ ಮೇಲೆ ಬೀಸಲಿ, ಅವಳ ಮಗಳೂ ಬೀಸಲಿ.

ಕೆಂಚಮ್ಮ ಆ ಕಲ್ಲನ್ನ ಆಗ ಸರಿಯಾಗಿ ನೋಡಿದ್ಲು. ಹುಳ ತಿಂದ ಬದನೆಕಾಯಿ ಹಂಗೆ ತೂತೋ ತೂತು! ಬೇರೆ ದಿನ ಆಗಿದ್ರೆ ಇಂಥಾ ಹುಳುಕು ಕಲ್ಲನ್ನ ಬೀಗರ ಮನೆಗೆ ಕೊಟ್ಟು ಮಾನ ಕಳೀತೀರಾ ಅಂತ ಗುಡ್ಡ ಬಿರಿಯೋ ಹಂಗೆ ಕೂಗಿರೋಳು. ಗಂಟಲು ಇಲ್ಲ. ಸುಮ್ಮನೆ ಸುತ್ತಿಗೆ ಎತ್ತಿ ಗಂಡನ ಕೈಗೆ ಕೊಟ್ಲಂತೆ.

ಸಣ್ಣೀರಯ್ಯ ಕಡಿದ. ಮೇಲ್ಗಲ್ಲು ಕೆಳಗಲ್ಲು ಎರಡನ್ನೂ ಒಂದೇ ಬಂಡೆಯಿಂದ ಕಡಿದ, ನಡುವೆ ಗೂಟ ಕೂರಿಸಿದ, ಹೊಟ್ಟು ಬೀಸಿ ಬೀಸಿ ಕಲ್ಲಿನ ಧೂಳೆಲ್ಲ ಕಳೆದ. ಸುಗ್ಗಿಗೆ ಮುಂಚೆ ಎಲ್ಲರೂ ಗಾಡಿ ಹತ್ತಿ ಹೊಳೆ ದಾಟಿದ್ರು. ಕೆಂಚಮ್ಮನಿಗೆ ಇನ್ನೂ ಮಾತು ಬಂದಿರಲಿಲ್ಲ, ಮೆಣಸಿನ ಕಷಾಯ ಕುಡಿದು ಕುಡಿದು ನಾಲಿಗೆ ಮಾತ್ರ ಉರೀತಿತ್ತು.

ಪುಟ್ಟತಾಯಮ್ಮ ಕಲ್ಲು ನೋಡಿದ್ಲು, ಬಿದ್ದು ಬಿದ್ದು ನಕ್ಲು. ಹುಳ ಹಿಡಿದ ಕಲ್ಲನ್ನೂ ಕೊಡ್ತಾರೆ ಅಂತ ಇವತ್ತೇ ನೋಡಿದ್ದು ಅಂದ್ಲು. ಕೆಂಚಮ್ಮ ಕೈ ಹಿಸುಕಿಕೊಂಡ್ಲು. ಸಣ್ಣೀರಯ್ಯ, ಬೀಸಿ ನೋಡಿ ತಾಯೀ ಅಂದ. ಬೀಸಿದ್ಲು. ಕಲ್ಲು ಗುರ್ ಅಂತ ತಿರುಗ್ತು, ಹಿಟ್ಟು ಸುತ್ತ ಹೂವು ಉದುರಿದಂಗೆ ಉದುರ್ತು. ಬೆರಳಲ್ಲಿ ಉಜ್ಜಿ ನೋಡಿದ್ಲು, ನಾಲಿಗೆ ಮೇಲಿಟ್ಟು ನೋಡಿದ್ಲು, ಕಲ್ಲು ಕಾವೇರೋವರೆಗೂ ಬೀಸಿ ಮೇಲ್ಗಲ್ಲು ಎತ್ತಿ ನೋಡಿದ್ಲು, ಒಂದು ಚೂರೂ ಎದ್ದಿಲ್ಲ. ಆ ಹಿಟ್ಟಲ್ಲಿ ರೊಟ್ಟಿ ಮಾಡಿ ಗಂಡನಿಗೆ ಕೊಟ್ಲು. ಆ ಮುದುಕ ಬರೀ ವಸಡಿನಲ್ಲೇ ಒಂದು ತಿಂದ, ಎರಡು ತಿಂದ, ಮೂರನೇದಕ್ಕೆ ಕೈ ಚಾಚಿದ.

ಪುಟ್ಟತಾಯಮ್ಮನ ಮುಖ ಅರಳ್ತು. ಅರಿಶಿನ ಕುಂಕುಮ ತಂದ್ಲು, ಕಲ್ಲಿಗೆ ಇಟ್ಲು, ಹೂವು ಮುಡಿಸಿದ್ಲು, ನಮ್ಮನೆ ಮಹಾಲಕ್ಷ್ಮಿ ಬಂದ್ಲು ಅಂತ ದೃಷ್ಟಿ ತೆಗೆದು ಅಡುಗೆಮನೆ ಮೂಲೆಗೆ ಸೇರಿಸಿದ್ಲು. ಆಮೇಲೆ ಜಗಲಿ ಮೇಲಿದ್ದ ಸೊಸೆ ಕಡೆ ತಿರುಗಿ, ಹೂಂ, ನೀನೂ ಒಳಗೆ ಬಾ, ಪಾತ್ರೆ ಹಂಗೇ ಬಿದ್ದಿದೆ ಅಂದ್ಲಂತೆ.

ಕೇಳಿಸ್ಕೊಂಡ್ಯಾ? ಕಲ್ಲಿಗೆ ಹೂವು, ಹೆಣ್ಣುಮಗಳಿಗೆ ಪಾತ್ರೆ! ಕೆಂಚಮ್ಮನ ಮೈಯಲ್ಲಿ ರಕ್ತ ಕುದ್ದು ಬಂದು ಗಂಟಲಿಗೆ ನುಗ್ಗಿತೋ ಏನೋ, ಆ ಗಳಿಗೆಯಲ್ಲೇ ಅವಳ ಗಂಟಲು ಬಿಡ್ತಂತೆ. ಎದ್ದು ನಿಂತ್ಲು. ಅಳಿಯ ಬಾಗಿಲ ಹಿಂದಕ್ಕೆ ಸರಿದ. ಎತ್ತೂ ಕಿವಿ ನಿಮಿರಿಸ್ತು. ಇನ್ನೇನು ಸಿಡಿಲು ಬಡೀತದೆ ಅಂತ ಎಲ್ಲರೂ ತಲೆ ತಗ್ಗಿಸಿದ್ರು.

ಕೆಂಚಮ್ಮ ಬೈಲಿಲ್ಲ. ಮೆಲ್ಲಗೆ, ಬೀಗಿತೀ, ಒಂದು ಮಾತು ಕೇಳ್ತೀನಿ, ನನ್ನ ಮಗಳು ಏನು ತಪ್ಪು ಮಾಡಿದ್ಲು ಅಂತ ಕೇಳಿದ್ಲು. ಕೇಳಿ, ಹೊಸ್ತಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ್ಲು.

ಪುಟ್ಟತಾಯಮ್ಮ, ಅಯ್ಯೋ ಅದೆಲ್ಲ ಯಾಕೆ ಈಗ, ಆಗಿದ್ದು ಆಗೋಯ್ತು ಅಂದ್ಲು. ಕೆಂಚಮ್ಮ ಮಾತಾಡಲಿಲ್ಲ. ಹಲ್ಲು ಬಿತ್ತಲ್ಲ ಬೀಗಿತಿ ಅಂದ್ಲು. ಕೆಂಚಮ್ಮ ಮಾತಾಡಲಿಲ್ಲ. ಊಟಕ್ಕೆ ಏಳಿ ಅಂದ್ಲು. ಕೆಂಚಮ್ಮ ಏಳಲಿಲ್ಲ, ಕಣ್ಣು ಮಾತ್ರ ಅವಳ ಮುಖದ ಮೇಲಿಟ್ಟಿದ್ಲು. ಬೈದಿದ್ರೆ ಪುಟ್ಟತಾಯಮ್ಮನೂ ಬೈತಿದ್ಲು, ಅವಳಿಗೇನು ಬಾಯಿ ಕಮ್ಮಿಯಾ? ಈ ಸುಮ್ಮನಿರೋದಕ್ಕೆ ಏನು ಮಾಡಬೇಕು ಅಂತ ಅವಳಿಗೆ ಗೊತ್ತಾಗಲಿಲ್ಲ. ಅಡುಗೆಮನೆಗೆ ಹೋದ್ಲು, ಬಂದ್ಲು. ಹಿತ್ತಲಿಗೆ ಹೋದ್ಲು, ಬಂದ್ಲು. ಬಂದಾಗೆಲ್ಲ ಕೆಂಚಮ್ಮ ಅಲ್ಲೇ. ದನ ಮನೆಗೆ ಬರೋ ಹೊತ್ತಾಯ್ತು. ಕೊನೆಗೆ ಆ ಮುದುಕ ಮಾವನೇ, ಕೇಳಿದ್ದಾರಲ್ಲೇ, ಹೇಳ್ಬಾರದಾ ಅಂದ.

ಪುಟ್ಟತಾಯಮ್ಮ ಕಂಬಕ್ಕೊರಗಿ ಕೂತ್ಲು. ಏನೂ ಇಲ್ಲ ಅಂದ್ಲು. ಅವಳ ತಪ್ಪು ಏನೂ ಇಲ್ಲ.

ನನಗೆ ಹೇಳಬೇಡಿ ಬೀಗಿತಿ, ಅವಳಿಗೆ ಹೇಳಿ ಅಂದ್ಲು ಕೆಂಚಮ್ಮ.

ಪುಟ್ಟತಾಯಮ್ಮ ಹೊಸ್ತಿಲು ದಾಟಿ ಜಗಲಿಗೆ ಇಳಿದ್ಲು. ಸೊಸೆ ಮುಂದೆ ನಿಂತ್ಲು, ಸೆರಗು ಎಳೆದುಕೊಂಡ್ಲು, ತಡವರಿಸಿದ್ಲು. ಚೆನ್ನಾಜೀ, ನೀನು ರಾಗಿ ಚೆನ್ನಾಗೇ ಕೇರ್ತಿದ್ದೆ ಕಣವ್ವ, ನಾನೇ ಸುಮ್ಮಸುಮ್ಮನೆ ಅಂದೆ ಅಂದ್ಲು. ಅಷ್ಟು ದಿನ ಅಳದ ಚೆನ್ನಾಜಿ ಆಗ ಅತ್ಲು ನೋಡು, ಕೂಸನ್ನ ಎದೆಗೆ ಅವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ಲು. ಬಾಗಿಲ ಹಿಂದೆ ಉಗುರು ಕಚ್ಚುತ್ತಿದ್ದ ಅಳಿಯನಿಗೆ ಕೊನೆಗೂ ನಾಚಿಕೆ ಆಯ್ತು ಅಂತ ಕಾಣುತ್ತೆ, ತಾನೇ ಆರತಿ ತಟ್ಟೆ ಹಿಡ್ಕೊಂಡು ಬಂದ. ಹೆಂಡತಿಗೂ ಮಗುವಿಗೂ ಆರತಿ ಎತ್ತಿ ಒಳಗೆ ಕರ್ಕೊಂಡ. ಅವತ್ತು ಪಾತ್ರೆ ತೊಳೆದಿದ್ದು ಪುಟ್ಟತಾಯಮ್ಮನೇ ಅಂತ ಹೇಳ್ತಾರೆ, ನಾನು ನೋಡಿಲ್ಲಪ್ಪ.

ಆಮೇಲೆ ಎಲ್ಲರೂ ಚೆನ್ನಾಗಿದ್ರಂತೆ. ಕೆಂಪು ಕಲ್ಲು ಉಳಿಹಳ್ಳಿಯಲ್ಲಿ ದನದ ಕೊಟ್ಟಿಗೆ ಗೋಡೆ ಸೇರ್ತು, ಬೂದು ಕಲ್ಲನ್ನ ಬಚ್ಚಲಿಗೆ ಹಾಸಿದ್ರು, ಎರಡೂ ಗಟ್ಟಿಯಾಗಿ ನಿಂತ್ವು. ಕರಿಕಲ್ಲಿನ ಮೇಲೆ ಚೆನ್ನಾಜಿ ಬೀಸಿದ್ಲು, ಅವಳ ಮಗಳು ಬೀಸಿದ್ಲು. ಕೆಂಚಮ್ಮ ಗಂಡನ್ನ ಬೈಯೋದು ಬಿಟ್ಲಾ ಅಂತ ಕೇಳ್ತೀಯಾ? ಎಲ್ಲಿ ಬಿಡ್ತಾಳೆ! ಆದ್ರೆ ಅವನು ಬಾಯಿ ತೆಗೆದಾಗ ಮಾತ್ರ ಕೈಲಿದ್ದ ಕೆಲಸ ಬದಿಗಿಟ್ಟು, ಹೂಂ, ಆಮೇಲೆ, ಅಂತ ಕೂತ್ಕೊಳ್ತಿದ್ಲಂತೆ. ಅವನ ಮಾತು ಮುಗಿದ ಮೇಲೆ ಬೈತಿದ್ಲಂತೆ.

ಅವರ ಕಲ್ಲು ಅವರ ಮನೆಯಲ್ಲಿ, ಅವರ ರೊಟ್ಟಿ ಅವರ ಹೊಟ್ಟೆಯಲ್ಲಿ, ನನ್ನ ಗಂಟಲು ಒಣಗ್ತು, ಕತೆ ಮುಗೀತು. ಏನೇ, ಇನ್ನೂ ಕಣ್ಣು ಬಿಟ್ಕೊಂಡೇ ಇದ್ದೀಯಲ್ಲ? ಭೂಮಿತಾಯಿ ಹೊಟ್ಟೆಯೊಳಗೆ ಆ ಬೆಂಕಿ ಹಚ್ಚಿದ್ದು ಯಾರು ಅಂತನಾ? ಅಯ್ಯೋ ಶಿವನೇ, ಈ ಹುಡುಗೀನ ಏನು ಮಾಡಲಿ! ನನಗೆ ಗೊತ್ತಿಲ್ಲ ಕಣೇ, ನಿಜವಾಗ್ಲೂ ಗೊತ್ತಿಲ್ಲ. ಬಾ, ಹತ್ತಿರ ಬಾ, ಇನ್ನೊಂದು ಸಲ ಕೇಳು, ಕೇಳಿಸ್ಕೊಳ್ತೀನಿ.